ಇಂಗ್ಲಿಷಿನ ಜೋಡುನುಡಿಗಳು

ಮೂವತ್ತು ವರ್ಷಕ್ಕೂ ಮಿಕ್ಕಿ ಮಲೆನಾಡಿನ ಮಕ್ಕಳಿಗೆ ಸಂಸ್ಕೃತವನ್ನೂ ಇಂಗ್ಲಿಷನ್ನೂ ಬೋಧಿಸಿ, ಈಗ ಹರಿಹರಪುರದಲ್ಲಿ ತುಂಗೆಯ ಸಮೀಪದಲ್ಲಿ ವಿಶ್ರಾಂತರಾಗಿರುವ ನಮಗೆ ಪಾಠದ ಗೀಳು ಇನ್ನೂ ಬಿಟ್ಟಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಮೊಮ್ಮಗಳು ಪುಸ್ತಕ ಹಿಡಿದು ಬಂದಳು. “ಅಜ್ಜಯ್ಯ, ‘ಸಾಲ್ಟ್ ಅಂಡ್ ಪೆಪ್ಪರ್’ ಎಂದೇ ಏಕೆ ಹೇಳಬೇಕು? ಮೆಣಸು ಬೆಳೆಯುವವರು ನಾವು; ಮೆಣಸೇ ಮೊದಲು ಬರಬಾರದೇ?” ಎಂದಳು. “ಅದು ಅವರ ರೂಢಿ, ಬಾಯಿಪಾಠ ಮಾಡು” ಎಂದು ಹೇಳಹೊರಟವರು ತಡೆದೆವು. ಇದೇ ಉತ್ತರವನ್ನು ನಾವು ಸೇವಾವಧಿಯೆಲ್ಲ ಕೊಟ್ಟಿದ್ದೆವು. ಒಂದು ಬಾರಿಯಾದರೂ ಕಾರಣವನ್ನು ಅರಸಿರಲಿಲ್ಲ.

ಕಾರಣವು ನಮ್ಮ ಊರ ಹೆಸರಿನಲ್ಲಿಯೇ ಇದ್ದಿತು! ದ್ವಂದ್ವ ಸಮಾಸದಲ್ಲಿ ಯಾವ ಪದ ಮೊದಲು ನಿಲ್ಲಬೇಕೆಂಬುದಕ್ಕೆ ಪಾಣಿನಿಯು ಸೂತ್ರಗಳನ್ನು ರಚಿಸಿರುವನಷ್ಟೆ. ಹ್ರಸ್ವ ಇಕಾರ ಅಥವಾ ಉಕಾರದಿಂದ ಮುಗಿಯುವ ಪದವು ಮುಂದೆ ಬರತಕ್ಕದ್ದೆಂಬುದು ಒಂದು. ಕೌಮುದಿಯಲ್ಲಿ ಅದಕ್ಕೆ ಕೊಟ್ಟ ಉದಾಹರಣೆಯೇ ‘ಹರಿಹರೌ’. ಸ್ವರಗಳು ಕಡಮೆಯಿರುವ ಪದವು ಮುಂದೆ ಬರತಕ್ಕದ್ದೆಂಬುದು ಇನ್ನೊಂದು. ಅದಕ್ಕೆ ಉದಾಹರಣೆ ‘ಶಿವಕೇಶವೌ’. ಒಂದು ಕಡೆ ಹರಿಗೆ ಅಗ್ರಸ್ಥಾನ, ಇನ್ನೊಂದು ಕಡೆ ಹರನಿಗೆ. ವ್ಯಾಕರಣಕ್ಕೆ ಪಕ್ಷಪಾತವಿಲ್ಲ.

ಈ ಎರಡನೆಯ ಅಳತೆಗೋಲನ್ನು ಇಂಗ್ಲಿಷಿಗೆ ಹಿಡಿದು ನೋಡಿದೆವು. ‘ಸಾಲ್ಟ್’ ಎಂಬುದರ ಉಚ್ಚಾರದಲ್ಲಿ ಸ್ವರ ಒಂದು, ‘ಪೆಪ್ಪರ್’ ಎಂಬುದರಲ್ಲಿ ಎರಡು. ‘ಲಾ ಅಂಡ್ ಆರ್ಡರ್’, ‘ಬ್ರೆಡ್ ಅಂಡ್ ಬಟರ್’ ಎಂಬಲ್ಲಿಯೂ ಹಾಗೆಯೇ. ‘ಲೇಡೀಸ್ ಅಂಡ್ ಜಂಟಲ್‌ಮೆನ್’ ಎಂಬಲ್ಲಿ ಎರಡಕ್ಕೆ ಮೂರು. ಅಪವಾದಗಳೂ ಉಂಟು. ‘ಪ್ರಾಫಿಟ್ ಅಂಡ್ ಲಾಸ್’ ಎಂಬಲ್ಲಿ ಉದ್ದದ ಪದವೇ ಮುಂದೆ ನಿಂತಿದೆ. ಲಾಭವನ್ನು ಬಿಟ್ಟು ನಷ್ಟವನ್ನು ಮೊದಲು ಹೇಳಲು ಯಾವ ವರ್ತಕನ ನಾಲಗೆ ಏಳುವುದು? ಪೂಜ್ಯವಾದುದು ಮೊದಲು ಬರತಕ್ಕದ್ದೆಂದು ನಮ್ಮ ವಾರ್ತಿಕಕಾರನೂ ಹೇಳಿರುವನು. ಅದರಿಂದಲೇ ‘ಮಾತಾಪಿತರೌ’ ಎಂಬಲ್ಲಿ ತಾಯಿಗೆ ಮೊದಲ ಮಣೆ.

ಇನ್ನು ನಾದದ ಮಾತು. ಇಂಗ್ಲಿಷಿನವರಿಗೆ ಪದದ ತಲೆಯಲ್ಲಿ ಒಂದೇ ವ್ಯಂಜನವಿರುವುದು ಇಂಪು: ‘ಸೇಫ್ ಅಂಡ್ ಸೌಂಡ್’, ‘ಕಿತ್ ಅಂಡ್ ಕಿನ್’, ‘ಪಾರ್ಟ್ ಅಂಡ್ ಪಾರ್ಸೆಲ್’. ಅವರ ಅತಿ ಪ್ರಾಚೀನ ಕಾವ್ಯದ ಕಟ್ಟೂ ಇದೇ ತೆರನಾದುದು. ಕನ್ನಡಿಗರಿಗೆ ಎರಡನೆಯ ಅಕ್ಷರದ ಪ್ರಾಸವು ಇಂಪು: ಮಳೆಬೆಳೆ, ಅಕ್ಕಪಕ್ಕ, ಹಿಂದುಮುಂದು, ಸಂದಿಗೊಂದಿ. ಹಳಗನ್ನಡದ ಕವಿಗಳು ಪಾದಪಾದಕ್ಕೂ ಪಾಲಿಸಿದ ಪ್ರಾಸವನ್ನು ಗದ್ದೆಯಲ್ಲಿ ಸಸಿ ನೆಡುವವರೂ ಅರಿಯದೆಯೇ ಪಾಲಿಸುತ್ತಿರುವರು. ‘ಕಿತ್’ ಎಂಬ ಪದವು ಈಗ ‘ಕಿನ್’ ಎಂಬುದರ ಹೆಗಲನ್ನು ಬಿಟ್ಟು ನಡೆಯಲಾರದು. ನಮ್ಮ ‘ಗೊಂದಿ’ಯ ಪಾಡೂ ಬಹುಮಟ್ಟಿಗೆ ಅಂತೆಯೇ. ಅವರ ‘ವಿಲ್ ಅಂಡ್ ಟೆಸ್ಟಮೆಂಟ್’ ಎಂಬಲ್ಲಿ ಮೊದಲನೆಯದು ಅಚ್ಚ ದೇಶ್ಯ, ಎರಡನೆಯದು ಲ್ಯಾಟಿನ್ ಮೂಲದ್ದು. ನಮ್ಮ ‘ಕಾಗದಪತ್ರ’ದಲ್ಲಿ ಪಾರಸಿಯೂ ಸಂಸ್ಕೃತವೂ ಒಂದೇ ಕಡತದಲ್ಲಿ ಕುಳಿತಿವೆ.

ಆದರೆ ಕ್ರಮವೂ ನಾದವೂ ತಿಳಿದ ಮಾತ್ರಕ್ಕೆ ಜೋಡುನುಡಿ ವಶವಾಗದು. ಎರಡು ಪದ ಸೇರಿ ಮೂರನೆಯ ಅರ್ಥವಾಗುವುದು. ‘ಬೈ ಅಂಡ್ ಬೈ’ ಎಂದರೆ ಪಕ್ಕಪಕ್ಕವಲ್ಲ, ತುಸು ಕಾಲದ ಮೇಲೆ ಎಂದರ್ಥ. ‘ಆಡ್ಸ್ ಅಂಡ್ ಎಂಡ್ಸ್’ ಎಂದರೆ ಚೂರುಪಾರು. ಇಲ್ಲಿ ನಮ್ಮ ತಪ್ಪೊಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಬಹು ವರ್ಷಗಳ ಹಿಂದೆ ತರಗತಿಯಲ್ಲಿ ‘ಬೋಧನೆಯು ಆತನ ಬ್ರೆಡ್ ಅಂಡ್ ಬಟರ್’ ಎಂಬ ಅರ್ಥದ ವಾಕ್ಯವೊಂದು ಬಂದಿತು. ಹಿಂದಿನ ಮಣೆಯ ಹುಡುಗನೊಬ್ಬನು ಎದ್ದು, “ಮೇಷ್ಟ್ರು ಪಾಠ ಮಾಡಿ ರೊಟ್ಟಿ ಬೆಣ್ಣೆ ತಿನ್ನುತ್ತಾರೆ” ಎಂದು ಕನ್ನಡಿಸಿದನು. ತರಗತಿ ಗೊಳ್ಳೆಂದಿತು. ಗದರಿಸಬೇಕಾಗಿದ್ದ ನಾವೂ ನಕ್ಕೆವು. ಆ ಹುಡುಗನು ಆಮೇಲೆ ಇಂಗ್ಲಿಷ್ ಪಾಠದಲ್ಲಿ ಬಾಯಿ ತೆರೆಯಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ಅಡಕೆ ಸುಲಿಯುವ ಕೆಲಸಕ್ಕೆ ಸೇರಿದನೆಂದು ಕೇಳಿದೆವು.

ಆ ನುಡಿಗೆ ಸರಿಯಾದ ಕನ್ನಡವು ಮೊಮ್ಮಗಳ ಪ್ರಶ್ನೆಯ ರಾತ್ರಿ, ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ನಮಗೆ ಹೊಳೆಯಿತು: ‘ಹೊಟ್ಟೆಬಟ್ಟೆ’. ಅರ್ಥವೂ ಅದೇ, ಅವರಿಗೆ ತಲೆಯ ಬಕಾರವಿದ್ದಂತೆ ನಮಗೆ ನಡುವಿನ ಪ್ರಾಸವೂ ಇದೆ. ಆ ಹುಡುಗನಿಗೆ ಅದರ ಅರ್ಥವನ್ನು ನಾವು ಹೇಳಿಕೊಡಬೇಕಾಗಿರಲಿಲ್ಲ. ಆತನು ನಮಗಿಂತ ಚೆನ್ನಾಗಿ ಬಲ್ಲವನಾಗಿದ್ದನು. “ನಿಮ್ಮ ಮನೆಯಲ್ಲಿ ಇದನ್ನು ಏನೆನ್ನುತ್ತಾರೆ?” ಎಂದು ಒಂದು ಮಾತು ಕೇಳಿದ್ದರೆ ಉತ್ತರವು ಆತನಿಂದಲೇ ಬರುತ್ತಿದ್ದಿತು.

ಆದುದರಿಂದ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೆ. ಇಂಗ್ಲಿಷಿನ ಜೋಡುನುಡಿಯನ್ನು ಒಡೆದು ಕಲಿಸಬೇಡಿರಿ. ಇಡಿಯಾಗಿ ಕಲಿಸಿ, ಅದಕ್ಕೆ ಮನೆಮಾತಿನಲ್ಲಿ ಒಂದು ಜೊತೆಯನ್ನು ಮಗುವೇ ಹುಡುಕಲಿ. ಸಿಕ್ಕದಿದ್ದರೆ ನಷ್ಟವಿಲ್ಲ, ಹುಡುಕಾಟವೇ ಪಾಠ.

ಮೊಮ್ಮಗಳು ಈಗ ದಿನಕ್ಕೊಂದು ಜೋಡಿಯನ್ನು ತರುತ್ತಿರುವಳು. ಮೊನ್ನೆ ಕೇಳಿದಳು: “ಸಂಸ್ಕೃತದಲ್ಲಿ ಸುಖದುಃಖ ಎನ್ನುತ್ತಾರೆ, ಸುಖ ಮೊದಲು. ನಾವೇಕೆ ಕಷ್ಟಸುಖ ಎನ್ನುತ್ತೇವೆ?” ಇದಕ್ಕೆ ಸೂತ್ರವನ್ನು ಹುಡುಕಲು ನಾವು ಹೋಗಲಿಲ್ಲ. ಒಬ್ಬರ ಮನೆಗೆ ಹೋಗಿ ಕುಳಿತಾಗ ಮೊದಲು ಕೇಳಬೇಕಾದುದು ಕಷ್ಟವನ್ನೇ ಅಲ್ಲವೇ ಎಂದೆವು. ಹಿಂದಿನ ಮಣೆಯ ಆ ಹುಡುಗನನ್ನು ನಾವು ಅದನ್ನೇ ಕೇಳಿರಲಿಲ್ಲ.