ಜಯನಗರದಿಂದ ಉಳವಿಗೆ

ಯಾತ್ರೆಗೆ ಹೊರಡುವವರು ದಾರಿಯ ಬುತ್ತಿಯನ್ನು ಕುರಿತು ಎಷ್ಟೋ ಯೋಚಿಸುತ್ತಾರೆ. ತಂಗುವ ನೆಲವನ್ನು ಕುರಿತು ಯೋಚಿಸುವವರು ವಿರಳ. ನಾವೂ ಯೋಚಿಸಿದವರಲ್ಲ. ಮಾಘ ಮಾಸದಲ್ಲಿ ಉಳವಿಯ ಶ್ರೀ ಚನ್ನಬಸವೇಶ್ವರ ಜಾತ್ರೆಗೆ ಹೋಗಿ ಬಂದ ಮೇಲೆ, ಅಲ್ಲಿ ಕಲಿತ ಒಂದು ಪಾಠವನ್ನು ನಮ್ಮ ಬಂಧುಗಳ ಮುಂದೆ ಇಡಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಅಕ್ಕನವರಿಗೆ ಈಗ 78 ವರ್ಷ. ಜಯನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಒಮ್ಮೆಯಾದರೂ ಉಳವಿಯನ್ನು ಕಾಣಬೇಕೆಂಬುದು ಅವರ ಬಹುದಿನದ ಹಂಬಲ. ಆದರೆ ಎರಡೂ ಮೊಣಕಾಲುಗಳು ಮಡಿಚಲು ಬಾರವು. ನೆಲದ ಮೇಲೆ ಕುಳಿತರೆ ಏಳಲಾರರು. ಜಾತ್ರೆಯ ನೂಕುನುಗ್ಗಲಿನಲ್ಲಿ ಚಾಪೆ ಹಾಸಿ ಮಲಗುವುದಂತೂ ಆಗದ ಮಾತು. ಇದನ್ನು ಕಂಡ ನಮ್ಮ ಸೋದರಳಿಯ ತನ್ನ ಪಿಕಪ್ ಗಾಡಿಯ ಬೆನ್ನಿನ ಮೇಲೆ ಒಂದು ಪುಟ್ಟ ಮನೆಯನ್ನೇ ಕಟ್ಟಿಸಿದ. ಒಳಗೆ ಎತ್ತರದ ಮಂಚ, ಒಲೆ, ನೀರಿನ ತೊಟ್ಟಿ, ಗೋಡೆಗೊಂದು ಪೂಜೆಯ ಮಾಡ. ಹಿಂದೆ ಬಾಗಿಲು, ಎರಡು ಮೆಟ್ಟಿಲು. ನಾಲ್ಕು ಮೂಲೆಗಳಲ್ಲಿ ಇಳಿಬಿಡಬಹುದಾದ ನಾಲ್ಕು ಕಬ್ಬಿಣದ ಜಾಕುಗಳು. ವಿದೇಶಗಳಲ್ಲಿ ಇಂಥ ಗಾಡಿಮನೆಗಳು ಬಹಳ. ನಮ್ಮವರಲ್ಲಿ ಅದೊಂದು ಹೊಸತು.

ಹೊರಡುವ ಮುನ್ನ ಮನೆಯ ಮುಂದಿನ ರಸ್ತೆಯಲ್ಲಿಯೇ ಅದನ್ನು ನಿಲ್ಲಿಸಿ ನೋಡಿದೆವು. ಜಯನಗರ ಅಳೆದು ತೂಗಿ ಕಟ್ಟಿದ ಬಡಾವಣೆ. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅದಕ್ಕೆ ಅಡಿಗಲ್ಲನ್ನಿಟ್ಟರು. ಅಶೋಕ ಸ್ತಂಭ ಇಂದಿಗೂ ಆ ದಿನದ ಸಾಕ್ಷಿಯಾಗಿ ನಿಂತಿದೆ. ಬೀದಿಗಳು ನೂಲು ಹಿಡಿದಂತೆ ನೇರ. ಆದರೂ ಅಡಿಯ ನೆಲ ಏರುಪೇರಿನದು. ಉತ್ತರಕ್ಕೆ ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷಗಳ ಬಂಡೆ, ದಕ್ಷಿಣಕ್ಕೆ ರಾಗಿಗುಡ್ಡ. ಗಾಡಿಯ ನೆಲಹಲಗೆಯ ಮೇಲೆ ಗಾರೆಯವರ ರಸಮಟ್ಟವನ್ನಿಟ್ಟಾಗ ಗುಳ್ಳೆ ಒಂದು ಕಡೆಗೆ ಸರಿಯಿತು. ಕಣ್ಣಿಗೆ ಸಮವಾಗಿ ಕಂಡ ರಸ್ತೆ ಸಮವಾಗಿರಲಿಲ್ಲ. ಮಳೆಯ ನೀರು ಚರಂಡಿಗೆ ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ತಗ್ಗಿಸುವುದು ಇಂಜಿನಿಯರರ ಕ್ರಮ. ನೂರಕ್ಕೆ ಎರಡರಷ್ಟು ಇಳಿಜಾರೆಂದರೂ, ಒಂದೂವರೆ ಮೀಟರು ಅಂತರದ ಚಕ್ರಗಳ ನಡುವೆ 3 ಸೆಂಟಿಮೀಟರು ಏರುಪೇರಾಗುತ್ತದೆ. ಅಳಿಯ ತಗ್ಗಿನ ಮೂಲೆಗಳ ಜಾಕನ್ನು ತಿರುಗಿಸಿದ. ಗುಳ್ಳೆ ನಡುವಿಗೆ ಬಂತು. ಡಾಂಬರು ಗಟ್ಟಿ, ಜಾಕು ಗಟ್ಟಿ. ವಿದ್ಯೆ ಕರಗತವಾಯಿತೆಂದು ನಾವೆಲ್ಲ ನಂಬಿದೆವು.

ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳ ಮೇಲೆ ಧಾರವಾಡಕ್ಕೆ ಹೋಗಿ, ಅಲ್ಲಿಂದ ಹಳಿಯಾಳ, ದಾಂಡೇಲಿಗಳನ್ನು ಹಾದು ಉಳವಿಯನ್ನು ಸೇರಬೇಕು. ದಾರಿ 500 ಕಿಲೋಮೀಟರಿಗೂ ಹೆಚ್ಚು. ಧಾರವಾಡವನ್ನು ದಾಟಿದ ಮೇಲೆ ದಾರಿಯುದ್ದಕ್ಕೂ ಚಕ್ಕಡಿಗಳ ಸಾಲು. ಎತ್ತುಗಳ ಕೊರಳಗಂಟೆ, ಮೈಮೇಲೆ ಬಣ್ಣದ ಝೂಲು, ಬಂಡಿಯೊಳಗೆ ಮಕ್ಕಳು, ಮುದುಕರು, ರೊಟ್ಟಿಯ ಗಂಟು. ಧಾರವಾಡ, ಬೆಳಗಾವಿ ಸೀಮೆಗಳ ಒಕ್ಕಲು ಮನೆತನಗಳು ತಲೆಮಾರುಗಳಿಂದ ಹೀಗೆಯೇ ಉಳವಿಗೆ ಬರುತ್ತಿವೆ. ಗಾಡಿಮನೆ ನಮಗೆ ಹೊಸತೆಂದು ಮೇಲೆ ಬರೆದೆವಲ್ಲ, ಆ ಮಾತನ್ನು ಅಲ್ಲಿಯೇ ಮನಸ್ಸಿನಲ್ಲಿ ತಿದ್ದಿಕೊಂಡೆವು.

ಉಳವಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕಾಡಿನ ನಡುವಣ ಊರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ, ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ವಚನದ ಕಟ್ಟುಗಳೊಡನೆ ಒಂದು ಸಮೂಹವನ್ನು ಇಲ್ಲಿಗೆ ಕರೆತಂದರೆಂದೂ, ಇಲ್ಲಿಯೇ ಐಕ್ಯರಾದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅವರ ತಾಯಿ ಅಕ್ಕನಾಗಮ್ಮನವರ ಹೆಸರಿನ ಗವಿಯೂ, ಮಹಾಮನೆ ಗವಿಯೂ, ಹರಳಯ್ಯನ ಚಿಲುಮೆಯೂ ಇಲ್ಲಿವೆ. ಬೆನ್ನಟ್ಟಿ ಬರುವ ದಂಡಿಗೆ ಹೆದರಿ, ಹೆಂಗಸರು ಮಕ್ಕಳೊಡನೆ ರಾತ್ರಿಗೊಂದು ನೆಲವನ್ನು ಹುಡುಕುತ್ತ ನಡೆದ ಆ ಶರಣರನ್ನು ನೆನೆದಾಗ, ಹಾಸಿಗೆಯ ಮೇಲೆ ಕುಳಿತು ಬಂದ ನಮಗೆ ನಾಚಿಕೆಯೆನಿಸಿತು.

ನಾವು ತಲಪಿದಾಗ ಸಂಜೆಯಾಗಿತ್ತು. ಸುತ್ತಲಿನದು ಹುಲಿಗಳಿಗಾಗಿ ಕಾಯ್ದಿರಿಸಿದ ಅರಣ್ಯ, ಕಂಡಲ್ಲಿ ತಂಗುವಂತಿಲ್ಲ. ಜಾತ್ರೆಯವರು ಬಂಡಿ ಬಿಡುವ ಕೊಯ್ಲಾದ ಗದ್ದೆಯೊಂದರಲ್ಲಿ ನಮಗೂ ಜಾಗ ದೊರೆಯಿತು. ರಸಮಟ್ಟವನ್ನಿಟ್ಟು ನೋಡಿದರೆ ಹಿಂದಿನ ಎಡಮೂಲೆ ತಗ್ಗು. ಜಯನಗರದಲ್ಲಿ ಮಾಡಿದಂತೆಯೇ ಅಳಿಯ ಆ ಮೂಲೆಯ ಜಾಕನ್ನು ತಿರುಗಿಸಿ ಗಾಡಿಯನ್ನು ಎತ್ತಿದ. ಗುಳ್ಳೆ ನಡುವಿಗೆ ಬಂತು. ಪಕ್ಕದ ಚಕ್ಕಡಿಯ ಹಿರಿಯರೊಬ್ಬರು ಇದನ್ನು ನೋಡುತ್ತ ನಿಂತಿದ್ದರು. ಏನನ್ನೋ ಹೇಳಲು ಬಾಯಿ ತೆರೆದು, ಪೇಟೆಯವರೆಂದು ಸುಮ್ಮನಾದರು.

ಅಕ್ಕನವರು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಮಂಚದ ಅಂಚಿನಲ್ಲಿ ಕುಳಿತು ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಇಟ್ಟುಕೊಂಡರು. ಪೂಜೆ ನಡುಹಂತಕ್ಕೆ ಬಂದಿತ್ತು. ಇದ್ದಕ್ಕಿದ್ದಂತೆ ಗಾಡಿ ‘ದಡಕ್’ ಎಂದು ಹಿಂದಕ್ಕೆ ವಾಲಿತು. ತಾಮ್ರದ ತಂಬಿಗೆ ಉರುಳಿ ಮೆಟ್ಟಿಲಿನಿಂದಾಚೆ ಬಿತ್ತು. ಬಾಗಿಲಲ್ಲಿದ್ದ ನಾವು ಗೋಡೆಯನ್ನು ಹಿಡಿದೆವು. ಅಕ್ಕನವರು ಪಕ್ಕಕ್ಕೆ ಒರಗಿಬಿದ್ದರು. ಆದರೆ ಬೀಳುವಾಗಲೇ ಬಲಗೈಯನ್ನು ಎಡಗೈಯ ಮೇಲೆ ಮುಚ್ಚಿ ಲಿಂಗವನ್ನು ಎದೆಗೆ ಒತ್ತಿಕೊಂಡಿದ್ದರು. ಮೊಣಕೈ ತರಚಿ ರಕ್ತ ಬಂದಿತ್ತು. ಅದನ್ನು ಅವರು ನೋಡಲೂ ಇಲ್ಲ. ಕೈ ಬಿಚ್ಚಿ ಲಿಂಗವನ್ನು ಕಂಡ ಮೇಲೆಯೇ ಉಸಿರುಬಿಟ್ಟರು. ಅಂಗದಿಂದ ಲಿಂಗ ಜಾರಿದ್ದರೆ ಆ ಜೀವ ಎಷ್ಟು ನೊಂದುಕೊಳ್ಳುತ್ತಿತ್ತೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಆ ಹಿರಿಯರು ಕಂದೀಲು ಹಿಡಿದು ಓಡಿಬಂದರು. “ಅಪ್ಪಾರ, ಮ್ಯಾಲ ಕಾಣೂದು ಒಣ ಮಣ್ಣು, ಗೇಣು ಕೆಳಗ ಇನ್ನೂ ಹಸಿ ಐತ್ರಿ. ಕಬ್ಬಿಣದ ಕಾಲಿನ ಬುಡಕ್ಕ ಹಲಗಿ ಇಲ್ಲ. ಅದು ಇಳೀದ ಏನು ಮಾಡೀತು?” ಎಂದರು. ತಮ್ಮ ಚಕ್ಕಡಿಯನ್ನು ತೋರಿಸಿದರು. ಎತ್ತು ಬಿಚ್ಚಿದ ಬಂಡಿ ಮೂಗು ಮುಗ್ಗರಿಸದಂತೆ ಮುಂದೆ ಒಂದು ಆನಿಕೆಯ ಕೋಲು. ಕೋಲಿನ ಅಡಿಯಲ್ಲಿ ಚಪ್ಪಟೆ ಕಲ್ಲು. ಎರಡು ಗಾಲಿಗಳಿಗೂ ಹಿಂದೆ ಮುಂದೆ ಅಡ್ಡಗಲ್ಲು. ಭಾರವೆಲ್ಲ ಗಾಲಿಗಳ ಮೇಲೆ. ಕೋಲು ತಡೆಯುವುದು ಅಲುಗಾಟವನ್ನು ಮಾತ್ರ.

ಅವರ ಮಾತಿನಲ್ಲಿ ಲೆಕ್ಕವೂ ಅಡಗಿತ್ತು. ಜಾಕಿನ ಪಾದ 10 ಸೆಂಟಿಮೀಟರು ಚೌಕದ್ದು. ಅದರ ಮೇಲೆ 200 ಕಿಲೋ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡ. ಅದೇ ಪಾದದ ಅಡಿಗೆ 30 ಸೆಂಟಿಮೀಟರು ಚೌಕದ ದಪ್ಪ ಹಲಗೆಯನ್ನಿಟ್ಟರೆ ಒತ್ತಡ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಡಾಂಬರು ಮುಚ್ಚಿಟ್ಟ ತಪ್ಪನ್ನು ಹಸಿ ಮಣ್ಣು ತೋರಿಸಿಕೊಟ್ಟಿತ್ತು.

ಕಂದೀಲಿನ ಬೆಳಕಿನಲ್ಲಿ ಅಕ್ಕನವರನ್ನು ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಹಿರಿಯರು ಕೋಲಿನಿಂದ ನೆಲವನ್ನು ಚುಚ್ಚಿ ನೋಡಿ ಬದುವಿನ ಬಳಿ ಗಟ್ಟಿ ಜಾಗವನ್ನು ಆರಿಸಿದರು. ಮಲಗುವವರ ತಲೆಯ ಭಾಗ ಏರಿನ ಕಡೆಗೆ ಇರುವಂತೆ ಗಾಡಿಯನ್ನು ತಿರುಗಿಸಿದೆವು. ರಸಮಟ್ಟವನ್ನು ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ ಇಟ್ಟು ನೋಡಿದೆವು. ತಗ್ಗಿನ ಪಕ್ಕದ ಎರಡು ಚಕ್ರಗಳ ಮುಂದೆ ಹಲಗೆಗಳನ್ನಿಟ್ಟು ಅವುಗಳ ಮೇಲೆ ಗಾಡಿಯನ್ನು ನಿಧಾನವಾಗಿ ಹತ್ತಿಸಿದೆವು. ಕೈಬ್ರೇಕು ಎಳೆದು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟ ಮೇಲೆಯೇ ಜಾಕುಗಳನ್ನು ಹಲಗೆಗಳ ಮೇಲೆ ಇಳಿಸಿದ್ದು. ಅದೂ ಮುಟ್ಟಿ ಬಿಗಿಯಾಗುವಷ್ಟೇ, ಎತ್ತುವಷ್ಟಲ್ಲ. ಎಲ್ಲರೂ ಒಳಗೆ ಹತ್ತಿದ ಬಳಿಕ ಮತ್ತೊಮ್ಮೆ, ಒಂದು ಗಂಟೆಯ ಮೇಲೆ ಇನ್ನೊಮ್ಮೆ ಗುಳ್ಳೆಯನ್ನು ನೋಡಿದೆವು. ಜನರ ಭಾರಕ್ಕೆ ಮಣ್ಣು ಕುಸಿಯುವುದುಂಟು. ಹೊರಡುವಾಗ ಜಾಕುಗಳನ್ನು ಮೊದಲು ಎತ್ತಬೇಕು, ಅಡ್ಡಗಲ್ಲನ್ನು ಕೊನೆಗೆ ತೆಗೆಯಬೇಕು.

ಅಮೆರಿಕದಲ್ಲಿರುವ ನಮ್ಮ ಬಂಧುಗಳು ಇಂಥ ಗಾಡಿಗಳನ್ನು ಬಾಡಿಗೆಗೆ ಪಡೆದು ಮಕ್ಕಳೊಡನೆ ಪ್ರವಾಸ ಹೋಗುವುದುಂಟು. ಅಂಥವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿನ ಹಲವು ಗಾಡಿಗಳಲ್ಲಿ ಅನಿಲದ ಉರಿಯಿಂದ ನಡೆಯುವ ಒಂದು ಬಗೆಯ ತಂಪುಪೆಟ್ಟಿಗೆ ಇರುತ್ತದೆ. ಅದರೊಳಗಿನ ಅಮೋನಿಯಾದ ದ್ರಾವಣ ತನ್ನ ಭಾರದಿಂದಲೇ ಕೆಳಕ್ಕೆ ಹರಿಯಬೇಕು. ಗಾಡಿ ಬಹಳ ಹೊತ್ತು ವಾಲಿ ನಿಂತರೆ ಹರಿವು ನಿಂತು ಪೆಟ್ಟಿಗೆ ಕೆಡುತ್ತದೆ.

ಎಲ್ಲ ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಆ ಹಿರಿಯರಿಗೆ ಏನಾದರೂ ಕೊಡಹೋದರೆ, “ಜಾತ್ರ್ಯಾಗ ಕೂಲಿ ತೊಗೊಂಡರ ಚನ್ನಬಸಪ್ಪ ಮೆಚ್ಚತಾನೇನ್ರಿ?” ಎಂದು ನಕ್ಕು, ನಮಗೇ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋದರು. ಅಕ್ಕನವರು ಮತ್ತೆ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಅರ್ಧಕ್ಕೆ ನಿಂತ ಪೂಜೆಯನ್ನು ಪೂರೈಸಿದರು. ಅಂಗೈಯ ನೀರು ಯಾವ ಕಡೆಗೂ ಚೆಲ್ಲಲಿಲ್ಲ. ಆಮೇಲೆ ನಮ್ಮನ್ನು ನೋಡಿ, “ತಮ್ಮಾ, ಮಠದಲ್ಲಿ ಅಷ್ಟು ವರ್ಷ ಓದಿದೆ. ನಿಲ್ಲುವ ನೆಲವನ್ನು ಒತ್ತಿ ನೋಡಬೇಕೆಂದು ಯಾರೂ ಹೇಳಿಕೊಡಲಿಲ್ಲವೇ?” ಎಂದರು.

ಹೇಳಿಕೊಟ್ಟಿದ್ದರು. ಭಕ್ತಸ್ಥಲ ಗಟ್ಟಿಯಾಗದೆ ಮುಂದಿನ ಸ್ಥಲಗಳ ಮಾತು ಬೇಡವೆಂದು ನಮ್ಮ ಗುರುಗಳು ಎಷ್ಟೋ ಸಾರಿ ಹೇಳಿದ್ದರು. ಅದನ್ನು ನಾವೂ ನೂರಾರು ಸಭೆಗಳಲ್ಲಿ ಹೇಳಿದ್ದೇವೆ. ಗದ್ದೆಯ ಮಣ್ಣಿಗೂ ಆ ಮಾತು ಸಲ್ಲುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಮರುದಿನ ಅಕ್ಕನವರನ್ನು ಕೈಹಿಡಿದು ನಡೆಸಿ ಗದ್ದುಗೆಯ ದರ್ಶನ ಮಾಡಿಸಿದೆವು. ಈಗ ಜಯನಗರದ ಮನೆಯಲ್ಲಿ ಆ ನಾಲ್ಕು ಹಲಗೆಗಳು ಗಾಡಿಯ ಪಕ್ಕದಲ್ಲಿಯೇ ಇವೆ. ಉಳವಿಯ ಮಣ್ಣು ಅವುಗಳಿಗೆ ಇನ್ನೂ ಅಂಟಿದೆ. ತೊಳೆಯಬೇಡವೆಂದು ಅಕ್ಕನವರು ಹೇಳಿದ್ದಾರೆ. ಹಿರಿಯರನ್ನು ಕರೆದುಕೊಂಡು ಇಂಥ ಗಾಡಿಯಲ್ಲಿ ಯಾತ್ರೆಗೆ ಹೊರಡುವ ಬಂಧುಗಳು ಬುತ್ತಿಯ ಗಂಟಿನೊಡನೆ ನಾಲ್ಕು ಹಲಗೆ, ಒಂದು ರಸಮಟ್ಟವನ್ನು ಮರೆಯದೆ ಇಟ್ಟುಕೊಳ್ಳಲಿ. ಪಕ್ಕದ ಬಂಡಿಯವರು ಏನನ್ನಾದರೂ ಹೇಳಲು ಬಾಯಿ ತೆರೆದರೆ, ನಿಂತು ಕೇಳಲಿ.