ನಮ್ಮ ಸಹಪಾಠಿಯ ತೋಳಪಟ್ಟಿ

ಕಳೆದ ಆಗಸ್ಟ್ ತಿಂಗಳ ಒಂದು ಮಂಗಳವಾರ ನಮ್ಮ ತರಗತಿಯಲ್ಲಿ ಚರಿತ್ರೆಯ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ 'ಗುಂಯ್' ಎಂಬ ಸದ್ದು ಕೇಳಿಸಿತು. ಯಾರೋ ಮೊಬೈಲು ತಂದಿರುವರೆಂದು ಬಗೆದು ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಮತ್ತೆ ಅದೇ ಸದ್ದು. ನಾವು ನಕ್ಕೆವು. ಆಗ ನಮ್ಮ ಗೆಳೆಯನೊಬ್ಬನು ಎದ್ದು ನಿಂತು, ಅಂಗಿಯ ತೋಳನ್ನು ಸರಿಸಿ, ಅಲ್ಲಿ ಸುತ್ತಿದ್ದ ಪಟ್ಟಿಯನ್ನೂ ಸೊಂಟದಲ್ಲಿದ್ದ ಸಣ್ಣ ಯಂತ್ರವನ್ನೂ ತೋರಿಸಿದನು. ಹಗಲಿರುಳು 24 ಗಂಟೆಯೂ ಅವನ ರಕ್ತದೊತ್ತಡವನ್ನು ಅಳೆಯುವ ಯಂತ್ರವದು. ನಮ್ಮ ನಗೆ ಅಡಗಿತು.

ಈ ಲೇಖನಕ್ಕೆ ಅವನು ಒಪ್ಪಿಗೆಯಿತ್ತಿದ್ದಾನೆ. ಹೆಸರು ಮಾತ್ರ ಬೇಡವೆಂದಿದ್ದಾನೆ. ಹುಟ್ಟಿನಿಂದಲೇ ಅವನ ಮೂತ್ರಪಿಂಡಗಳು ಸರಿಯಾಗಿ ಬೆಳೆದಿರಲಿಲ್ಲ. ಈಗ ಅವು ಬಹುಮಟ್ಟಿಗೆ ಕೆಲಸ ನಿಲ್ಲಿಸಿವೆ. ಸೋಮ, ಬುಧ, ಶುಕ್ರವಾರಗಳಲ್ಲಿ ಅವನು ನಾಲ್ಕು ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕು. ಇಷ್ಟು ನಮಗೆ ತಿಳಿದಿತ್ತು. ವೈದ್ಯರ ಚಿಂತೆಯೆಲ್ಲ ಅವನ ಹೃದಯದ ಮೇಲಿದೆ ಎಂಬುದು ತಿಳಿದಿರಲಿಲ್ಲ.

ಮೂತ್ರಪಿಂಡ ಕೆಟ್ಟರೆ ಹೃದಯಕ್ಕೇನು? ಒಂದು ದಿನ ಅವನ ತಾಯಿಯವರೊಡನೆ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಹೋಗಿದ್ದಾಗ ಈ ಪ್ರಶ್ನೆಯನ್ನೇ ಕೇಳಿದೆವು. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆಯಂತೆ. ಅವು ಉಪ್ಪನ್ನೂ ನೀರನ್ನೂ ಹೊರಹಾಕದಿದ್ದರೆ ರಕ್ತದೊತ್ತಡ ಏರುತ್ತದೆ. ಹೊಸ ರಕ್ತಕಣಗಳ ಉತ್ಪತ್ತಿಗೆ ಪ್ರೇರಕವಾದ ರಸವನ್ನು ಸ್ರವಿಸದಿದ್ದರೆ ರಕ್ತಹೀನತೆ ಬರುತ್ತದೆ. ಎರಡರ ಹೊರೆಯೂ ಹೃದಯದ ಮೇಲೆ. ಸಾಮು ಮಾಡಿದವನ ತೋಳಿನಂತೆ ಹೃದಯದ ಎಡಕೋಣೆಯ ಗೋಡೆ ದಪ್ಪವಾಗುತ್ತ ಬಂದು, ಕಡೆಗೆ ಬಿರುಸಾಗಿ, ಸಡಿಲಲಾರದೆ ಸೋಲುತ್ತದೆ. ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1836ರಷ್ಟು ಹಿಂದೆಯೇ, ರಕ್ತದೊತ್ತಡವನ್ನಳೆಯುವ ತೋಳಪಟ್ಟಿ ಹುಟ್ಟುವ ಮೊದಲೇ, ಮೂತ್ರಪಿಂಡದ ರೋಗದಿಂದ ಸತ್ತವರ ಹೃದಯ ದೊಡ್ಡದಾಗಿರುವುದನ್ನು ಗುರುತಿಸಿದ್ದನು!

ಇನ್ನೊಂದು ಕೇಡು ರಂಜಕದ್ದು. ಹಾಲು, ಬೇಳೆ, ಮಾಂಸಗಳಲ್ಲಿರುವ ರಂಜಕವನ್ನು ಮೂತ್ರಪಿಂಡ ಹೊರಹಾಕದಿದ್ದರೆ ಅದು ರಕ್ತದಲ್ಲಿ ಉಳಿದು, ಸುಣ್ಣದಂಶದೊಡನೆ ಕೂಡಿ ರಕ್ತನಾಳಗಳ ಗೋಡೆಯಲ್ಲಿ ಹರಳುಗಟ್ಟುತ್ತದೆ. ಮುದುಕರಿಗೆ ಬರುವ ಗಡಸು ನಾಳಗಳು ಹದಿನೈದರ ಹುಡುಗನಿಗೆ ಬರುವುದು ಹೀಗೆ.

ಇದಾವುದೂ ನೋಯುವುದಿಲ್ಲ. ಆದ್ದರಿಂದ ವೈದ್ಯರು ಅಳತೆಗಳನ್ನೇ ನಂಬಬೇಕು. ಹೃದಯದ ಗೋಡೆಯನ್ನು ಎಕೋ ಯಂತ್ರದಿಂದ ಅಳೆಯುತ್ತಾರೆ. ಕೊರಳಿನ ರಕ್ತನಾಳದ ಒಳಪದರವನ್ನು ಅಲ್ಟ್ರಾಸೌಂಡಿನಿಂದ ನೋಡುತ್ತಾರೆ; ಆರೋಗ್ಯವಂತ ಮಕ್ಕಳಲ್ಲಿ ಅದು ಅರ್ಧ ಮಿಲಿಮೀಟರಿಗೂ ತೆಳು. ನಾಡಿಯ ಅಲೆ ಎಷ್ಟು ವೇಗವಾಗಿ ಸಾಗುತ್ತದೆಂದೂ ಲೆಕ್ಕವಿಡುತ್ತಾರೆ. ನಾಳ ಗಡಸಾದಷ್ಟೂ ಅಲೆಯ ಓಟ ಹೆಚ್ಚು. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದುದು ಆ ತೋಳಪಟ್ಟಿಯೇ. ನಿದ್ದೆಯಲ್ಲಿ ರಕ್ತದೊತ್ತಡ ಹತ್ತರಲ್ಲೊಂದು ಪಾಲಾದರೂ ಇಳಿಯಬೇಕು. ನಮ್ಮ ಗೆಳೆಯನದು ಇಳಿದಿರಲಿಲ್ಲ. ನಾವು ಸುಖವಾಗಿ ಮಲಗಿದ್ದ ಹೊತ್ತಿನಲ್ಲಿಯೂ ಅವನ ಹೃದಯಕ್ಕೆ ವಿಶ್ರಾಂತಿಯಿರಲಿಲ್ಲ.

ಇದನ್ನು ಕೇಳಿದಾಗ ಹಿಂದಿನ ವರ್ಷದ ಕ್ರೀಡೋತ್ಸವ ನಮ್ಮ ನೆನಪಿಗೆ ಬಂದಿತು. ಓಟದ ಪಂದ್ಯದಲ್ಲಿ ಅವನು ಅರ್ಧದಲ್ಲಿಯೇ ನಿಂತು ಮೊಣಕಾಲ ಮೇಲೆ ಕೈಯೂರಿದ್ದನು. ನಾವು ಅವನನ್ನು 'ಅಜ್ಜ' ಎಂದು ಕೂಗಿದ್ದೆವು. ಆ ಹೆಸರು ಹಲವು ತಿಂಗಳು ಉಳಿದಿತ್ತು. ಮರೀನಾ ಕಡಲ ಕರೆಗೆ ಹೋದಾಗ ನಾವು ಸುಂಡಲು ತಿಂದು ಎಳನೀರು ಕುಡಿಯುತ್ತಿದ್ದರೆ ಅವನು ಕೈಕಟ್ಟಿ ನಿಲ್ಲುತ್ತಿದ್ದನು; ಜಿಪುಣನೆಂದೆವು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು. ಚೆನ್ನೈಯ ಬಿಸಿಲಿನಲ್ಲಿ, ನೀರನ್ನೂ ಅಳೆದು ಕುಡಿಯಬೇಕಾದ ಹುಡುಗನ ಮುಂದೆ ನಾವು ಹೀಗೆ ನಡೆದುಕೊಂಡಿದ್ದೆವು. ಅವನು ಒಂದು ಮಾತೂ ಆಡಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಹೇಳಿದ್ದರೆ ನೀವು ನನ್ನನ್ನು ಕರೆಯುತ್ತಲೇ ಇರಲಿಲ್ಲ" ಎಂದನು.

ಅಳತೆಯಿಂದ ಪ್ರಯೋಜನವಿಲ್ಲದಿಲ್ಲ. ಮೂತ್ರಪಿಂಡ ಇನ್ನೂ ಪೂರ್ತಿ ಕೆಡದ 385 ಮಕ್ಕಳನ್ನು ಯೂರೋಪಿನ ವೈದ್ಯರು ಐದು ವರ್ಷ ಪರೀಕ್ಷಿಸಿ, ರಕ್ತದೊತ್ತಡವನ್ನು ಬಿಗಿಯಾಗಿ ತಗ್ಗಿಸಿದರೆ ಮೂತ್ರಪಿಂಡ ಕೆಡುವುದು ನಿಧಾನವಾಗುತ್ತದೆಂದು 2009ರಲ್ಲಿ ಪ್ರಕಟಿಸಿದರು. ನಮ್ಮ ಗೆಳೆಯನ ಪಾಲಿಗೆ ಆ ಕಾಲ ಮೀರಿದೆ. ಅವನ ತಾಯಿಯವರು ತಮ್ಮ ಒಂದು ಮೂತ್ರಪಿಂಡವನ್ನು ಕೊಡಲು ಮುಂದಾಗಿದ್ದಾರೆ, ಪರೀಕ್ಷೆಗಳು ನಡೆಯುತ್ತಿವೆ. ಔಷಧವನ್ನು ಬದಲಾಯಿಸಿ, ಉಪ್ಪಿನಕಾಯಿ ಹಪ್ಪಳಗಳನ್ನು ಪೂರ್ತಿ ನಿಲ್ಲಿಸಿದ ಮೇಲೆ ಜನವರಿಯಲ್ಲಿ ಮಾಡಿದ ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ಮತ್ತಷ್ಟು ದಪ್ಪವಾಗಿಲ್ಲವೆಂದು ತಿಳಿದುಬಂದಿತು. ಆ ಕಾಗದವನ್ನು ಅವನು ಶಾಲೆಗೆ ತಂದು ಎಲ್ಲರಿಗೂ ತೋರಿಸಿದನು.

ಅವನು ತಪ್ಪಿಸಿಕೊಂಡ ಪಾಠಗಳನ್ನು ನಾವು ಸರದಿಯ ಮೇಲೆ ಬರೆದುಕೊಡುತ್ತಿದ್ದೇವೆ. ಆ ಮಂಗಳವಾರದ ಚರಿತ್ರೆಯ ಪಾಠದ ಟಿಪ್ಪಣಿ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಇಲ್ಲ.