ನೇಪಥ್ಯದ ಕಾಯಕ



‘ನೇಪಥ್ಯ’ ಎಂಬ ಪದಕ್ಕೆ ಇಂದು ನಾವು ತೆರೆಯ ಹಿಂದಿನ ಸ್ಥಳವೆಂಬ ಅರ್ಥವನ್ನಷ್ಟೇ ಉಳಿಸಿಕೊಂಡಿದ್ದೇವೆ. ಸಂಸ್ಕೃತದಲ್ಲಿ ಆ ಪದಕ್ಕೆ ವೇಷಭೂಷಣವೆಂಬ ಅರ್ಥವೂ ಉಂಟು. ನಟನು ತೊಡುವ ಉಡುಪೂ ನೇಪಥ್ಯವೇ, ಅದನ್ನು ತೊಟ್ಟು ಸಿದ್ಧನಾಗುವ ಮನೆಯೂ ನೇಪಥ್ಯವೇ. ಈ ಎರಡು ಅರ್ಥಗಳೂ ಒಂದೇ ಕೋಣೆಯಲ್ಲಿ ಕೂಡಿರುವುದನ್ನು ಹನ್ನೊಂದು ವರ್ಷ ಕಂಡವನು ನಾನು. ಬೆಂಗಳೂರಿನ ಒಂದು ಫುಟ್ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಉಡುಪು, ಬೂಟು, ಚೆಂಡುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆ ಕೆಲಸದವನಿಗೆ ‘ಕಿಟ್ ಮ್ಯಾನ್’ ಎಂದು ಹೆಸರು. ಆಟಗಾರರು ಮಾತ್ರ ‘ಅಣ್ಣ’ ಎಂದೇ ಕರೆಯುತ್ತಿದ್ದರು. ಕ್ಲಬ್ಬಿನ ಹೆಸರು ಇಲ್ಲಿ ಬೇಡ.

ನನ್ನೂರು ಶೆಟ್ಟಿಕೊಪ್ಪ. ಕೊಪ್ಪ, ನರಸಿಂಹರಾಜಪುರಗಳ ಕಡೆಯ ಹುಡುಗರಿಗೆ ಆಟವೆಂದರೆ ವಾಲಿಬಾಲ್, ಇಲ್ಲವೇ ಕಬಡ್ಡಿ. ಫುಟ್ಬಾಲನ್ನು ನನಗೆ ತೋರಿಸಿದವರು ಕೇರಳದಿಂದ ಬಂದು ನಮ್ಮ ಸುತ್ತಮುತ್ತ ನೆಲೆಸಿದ ಕುಟುಂಬಗಳ ಗೆಳೆಯರು. ನನಗೆ ಆಡಲು ಬರುತ್ತಿರಲಿಲ್ಲ. ಚೆಂಡು ತೋಟದ ಕಪ್ಪಿಗೆ ಬಿದ್ದರೆ ಇಳಿದು ತರುವವನು ನಾನು. ಆ ಮೇಲೆ ದೊರೆತ ಕೆಲಸವೂ ಹೆಚ್ಚುಕಡಿಮೆ ಅದೇ ಎಂದು ಅಪ್ಪಯ್ಯ ನಗುತ್ತಿದ್ದರು. 2007ರಲ್ಲಿ ಪರಿಚಿತರೊಬ್ಬರ ಮೂಲಕ ಬೆಂಗಳೂರು ಸೇರಿದೆ.

ಆ ನಗರದ ಫುಟ್ಬಾಲಿಗೆ ಹಳೆಯ ಚರಿತ್ರೆಯಿದೆ. ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಿಂದ ಆಟಗಾರರು ಬರುತ್ತಿದ್ದರು. ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳು ಅವರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು. ಆಟಗಾರನ ಅನ್ನ ಕಾರ್ಖಾನೆಯದು, ಆಟ ಸಂಜೆಯದು. ನಾನು ಹೋಗುವ ಹೊತ್ತಿಗೆ ಆ ವ್ಯವಸ್ಥೆ ಸಡಿಲಗೊಳ್ಳುತ್ತಿತ್ತು. ರಾಷ್ಟ್ರಮಟ್ಟದ ಐ-ಲೀಗಿನಲ್ಲಿದ್ದ ಎಚ್‌ಎಎಲ್ ತಂಡ 2012ರಲ್ಲಿ ಕೆಳಗಿಳಿಯಿತು. ಮರುವರ್ಷವೇ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲಿಯೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. ಅಂದು ಅವರು ತವರಿನ ಪಂದ್ಯಗಳನ್ನು ಆಡಿದ್ದು ನಮ್ಮಂತಹ ಚಿಕ್ಕ ಕ್ಲಬ್ಬುಗಳೂ ಆಡುತ್ತಿದ್ದ ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ. ಕಂಠೀರವಕ್ಕೆ ಹೋದದ್ದು ಆ ಬಳಿಕ.

ಪಂದ್ಯದ ದಿನ ನಾನು ಕ್ರೀಡಾಂಗಣಕ್ಕೆ ಎಲ್ಲರಿಗಿಂತ ಮೊದಲು ಹೋಗಬೇಕು. ಪ್ರತಿಯೊಬ್ಬ ಆಟಗಾರನ ಜಾಗದಲ್ಲಿ ಅಂಗಿಯನ್ನು ಸಂಖ್ಯೆ ಕಾಣುವಂತೆ ತೂಗುಹಾಕಿ, ಅದರ ಕೆಳಗೆ ಚಡ್ಡಿ, ಕಾಲುಚೀಲ, ಮೊಣಕಾಲ ಕೆಳಗಿನ ರಕ್ಷೆಗಳನ್ನು ಇಡಬೇಕು. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರು, ತೂಕ 410ರಿಂದ 450 ಗ್ರಾಮು ಇರಬೇಕೆಂಬುದು ನಿಯಮ. ಒಳಗಿನ ಗಾಳಿಯ ಒತ್ತಡಕ್ಕೂ ಮಿತಿಯಿದೆ. ನೆರಳಿನಲ್ಲಿ ಸರಿಯಿದ್ದ ಚೆಂಡು ಬಿಸಿಲಿಗೆ ಇಟ್ಟರೆ ಬಿಗಿಯಾಗುತ್ತದೆ, ಆದ್ದರಿಂದ ಮತ್ತೆ ನೋಡಬೇಕು. ಕಾಲುಚೀಲದ ಮೇಲೆ ಸುತ್ತುವ ಪಟ್ಟಿ ಚೀಲದ ಬಣ್ಣದ್ದೇ ಆಗಿರಬೇಕು. ಅಂಗಿಯ ಒಳಗೆ ತೊಡುವ ಒಳಂಗಿ ತೋಳಿನ ಬಣ್ಣಕ್ಕೆ ಹೊಂದಬೇಕು. ಗೋಲಿಯ ಬಣ್ಣ ತನ್ನ ತಂಡದವರಿಂದಲೂ, ಎದುರಾಳಿಯಿಂದಲೂ, ರೆಫರಿಯಿಂದಲೂ ಬೇರೆಯಾಗಿರಬೇಕು. ಆದುದರಿಂದ ಎದುರಾಳಿಯ ಬಲವೇನು ಎಂದು ತರಬೇತುದಾರರು ಚಿಂತಿಸುವಾಗ, ಎದುರಾಳಿಯ ಬಣ್ಣವೇನು ಎಂಬುದು ನನ್ನ ಚಿಂತೆ.

ಇವೆಲ್ಲ ಸುಲಭ. ಕಷ್ಟವಾದದ್ದು ಒಗೆಯುವುದು, ಅದಕ್ಕಿಂತ ಕಷ್ಟ ಒಣಗಿಸುವುದು. ಅಶೋಕನಗರದ ಮೈದಾನದಲ್ಲಿ ಕೃತಕ ಹುಲ್ಲು ಹಾಸಿದ ಮೇಲೆ ಅದರೊಳಗಿನ ಕಪ್ಪು ರಬ್ಬರಿನ ಸಣ್ಣ ಕಾಳುಗಳು ಕಾಲುಚೀಲಗಳಲ್ಲಿ ಸೇರಿ ಬರುತ್ತಿದ್ದವು. ಕೊಡವದೆ ಯಂತ್ರಕ್ಕೆ ಹಾಕಿದರೆ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಇಪ್ಪತ್ತೈದು ಜನರ ಕಾಲುಚೀಲವೆಂದರೆ ಐವತ್ತು. ಒಂದೊಂದನ್ನೂ ತಿರುವಿ, ಕೊಡವಿ ಹಾಕಬೇಕು. ಅಂಗಿಗಳನ್ನು ಒಳಮಗ್ಗುಲು ಹೊರಗಾಗಿಸಿ ತಣ್ಣೀರಿನಲ್ಲಿಯೇ ಒಗೆಯಬೇಕು, ಇಲ್ಲವಾದರೆ ಬೆನ್ನಿನ ಸಂಖ್ಯೆ ಸಿಪ್ಪೆಯೇಳುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ವಿದ್ಯೆ ಮಲೆನಾಡಿನವರಿಗೆ ಹೊಸದಲ್ಲವಷ್ಟೆ. ಆಷಾಢದಲ್ಲಿ ಅಮ್ಮ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಹರವುತ್ತಿದ್ದುದನ್ನು ನೆನೆದು, ಕ್ಲಬ್ಬಿನ ಕೋಣೆಯಲ್ಲಿ ಹಗ್ಗಗಳನ್ನು ಅಂತರ ಬಿಟ್ಟು ಕಟ್ಟಿ ಫ್ಯಾನ್ ಹಾಕಿಡುತ್ತಿದ್ದೆ. ಹೊಗೆಯ ವಾಸನೆಯೊಂದು ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ತಪ್ಪೊಂದನ್ನು ಹೇಳಬೇಕು. 2012ರ ಮಳೆಗಾಲದ ಒಂದು ಬೆಳಿಗ್ಗೆ 17ನೆಯ ಸಂಖ್ಯೆಯ ಅಂಗಿ ಹಸಿಯಾಗಿಯೇ ಇತ್ತು. ಅವಸರದಲ್ಲಿ ಇಸ್ತ್ರಿಯನ್ನು ನೇರವಾಗಿ ಸಂಖ್ಯೆಯ ಮೇಲೆಯೇ ಎಳೆದೆ. ಏಳು ಕರಗಿ ಇಸ್ತ್ರಿಗೆ ಅಂಟಿಕೊಂಡು ಬಂದಿತು. ಒಂದು ಮಾತ್ರ ಉಳಿಯಿತು. ಒಂದನೆಯ ಸಂಖ್ಯೆಯಾದರೋ ಗೋಲಿಯದು. ಆಟಗಾರರ ಪಟ್ಟಿಯಲ್ಲಿ 17 ಎಂದು ಬರೆದು ಕೊಟ್ಟಾಗಿತ್ತು. ಪೆಟ್ಟಿಗೆಯಲ್ಲಿ ಸಂಖ್ಯೆಯಿಲ್ಲದ ಒಂದು ಅಂಗಿ ಇದ್ದಿತು. ಗಾಯಕ್ಕೆ ಸುತ್ತುವ ಬಿಳಿಯ ಅಂಟುಪಟ್ಟಿಯನ್ನು ಕತ್ತರಿಸಿ ಅದರ ಬೆನ್ನಿನ ಮೇಲೆ 17 ಎಂದು ಅಂಟಿಸಿದೆ. ರೆಫರಿಯವರು ಬೆರಳಿನಿಂದ ಒಮ್ಮೆ ಎಳೆದು ನೋಡಿ ತಲೆಯಾಡಿಸಿದರು. ಮೊದಲರ್ಧದ ಬೆವರಿಗೆ ಏಳರ ಕೊಂಬು ಬಿಟ್ಟಿತು. ವಿರಾಮದಲ್ಲಿ ಮತ್ತೆ ಹಚ್ಚಿದೆ. “ಅಣ್ಣ, ಬೆನ್ನು ಕಡಿಯುತ್ತಿದೆ” ಎಂದಷ್ಟೇ ಹುಡುಗ ಹೇಳಿದ. ಪಂದ್ಯ ಗೋಲಿಲ್ಲದೆ ಮುಗಿಯಿತು. ಆ ತೊಂಬತ್ತು ನಿಮಿಷ ನಾನು ಚೆಂಡನ್ನು ನೋಡಲಿಲ್ಲ, ಬೆನ್ನನ್ನೇ ನೋಡುತ್ತಿದ್ದೆ. ಗ್ಯಾಲರಿಯಲ್ಲಿ ಕುಳಿತವರಲ್ಲಿ ಒಬ್ಬರಿಗೂ ಇದು ತಿಳಿಯಲಿಲ್ಲ. ಕೆಲಸ ಸರಿಯಾಗಿದ್ದರೆ ನಮ್ಮನ್ನು ಯಾರೂ ಕಾಣುವುದಿಲ್ಲವೆಂದು ಗೊಣಗುತ್ತಿದ್ದವನಿಗೆ, ಕಾಣದಿರುವುದರ ಸುಖ ಅಂದು ಗೊತ್ತಾಯಿತು.

ಮಡಿವಾಳ ಮಾಚಯ್ಯನವರ ನೆನಪು ಆ ಕೋಣೆಯಲ್ಲಿ ಆಗಾಗ ಬರುತ್ತಿತ್ತು. ಕಾಯಕ ಮಾಡುವವರ ಬಟ್ಟೆಯನ್ನಲ್ಲದೆ ಅನ್ಯರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಆ ಸ್ವಾತಂತ್ರ್ಯ ನನಗೆಲ್ಲಿಯದು? ಮೈಮುರಿದು ಓಡಿದವನ ಅಂಗಿಯನ್ನೂ, ಋತುವಿಡೀ ಬೆಂಚಿನಲ್ಲಿಯೇ ಕುಳಿತವನ ಅಂಗಿಯನ್ನೂ ಒಂದೇ ನೀರಿನಲ್ಲಿ ಹಾಕುತ್ತಿದ್ದೆ. ಆದರೆ ಬೆಂಚಿನ ಹುಡುಗ ಬೆವರದ ಅಂಗಿಯನ್ನು ಮಡಚಿ ತಂದು ಕೊಡುವಾಗ ಮುಖ ತಗ್ಗಿಸುತ್ತಿದ್ದ. ಅದನ್ನು ಕಂಡ ಮೇಲೆ ಆ ಅಂಗಿಯನ್ನು ಒಗೆಯದೆ ಬಿಡಲು ಮನಸ್ಸಾಗಲಿಲ್ಲ.

ಇನ್ನು ಹೇಳಲು ಸಂಕೋಚವಾಗುವ ವಿಷಯ. 2017ರಲ್ಲಿ ಕ್ಲಬ್ಬಿಗೆ ಹಣ ಕೊಡುತ್ತಿದ್ದವರು ಹಿಂದೆ ಸರಿದರು. ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಆಟಗಾರರಿಗೆ ಕರಾರುಪತ್ರವಿತ್ತು, ಸಂಬಳ ನಿಂತರೆ ದೂರು ಕೊಡಲು ಫುಟ್ಬಾಲ್ ಒಕ್ಕೂಟದಲ್ಲಿ ಸಮಿತಿಯಿತ್ತು. ನನಗೆ ಇದ್ದದ್ದು ಬಾಯಿಮಾತು. ಮಗಳ ಶಾಲೆಯ ಶುಲ್ಕಕ್ಕೆ ಭಾವನವರಲ್ಲಿ ಸಾಲ ಮಾಡಿ, ಒಂದು ದಿನ ಧೈರ್ಯ ತಂದುಕೊಂಡು ಪದಾಧಿಕಾರಿಯೊಬ್ಬರನ್ನು ಕೇಳಿದೆ. “ನೀವು ಕಾಯಕದ ಪರಂಪರೆಯವರು, ನಿಮಗೆ ದುಡ್ಡಿನ ಮಾತೇಕೆ?” ಎಂದು ಅವರು ನಗುತ್ತಲೇ ಹೇಳಿದರು. ಕೇಡಿನಿಂದ ಆಡಿದ ಮಾತಾಗಿರಲಿಕ್ಕಿಲ್ಲ. ಆದರೂ ಉತ್ತರ ಕೊಡಲಾಗದೆ ಹಿಂದಿರುಗಿದೆ.

ಉತ್ತರ ಹೊಳೆದದ್ದು ಊರಿಗೆ ಬರುವ ರಾತ್ರಿ ಬಸ್ಸಿನಲ್ಲಿ. ಆಯ್ದಕ್ಕಿ ಮಾರಯ್ಯನು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ನಿಮಗೆಲ್ಲ ತಿಳಿದದ್ದೇ. ಲಕ್ಕಮ್ಮ ಒಲ್ಲೆನೆಂದದ್ದು ಹೆಚ್ಚಾದ ಅಕ್ಕಿಯನ್ನು. ಆ ದಿನದ ಅಕ್ಕಿಯನ್ನಲ್ಲ. ಬರಿಯ ಚೀಲದೊಡನೆ ಬಾ ಎಂದು ಆಕೆ ಎಂದೂ ಗಂಡನನ್ನು ಕಳುಹಿಸಲಿಲ್ಲ. ಕೂಲಿ ಕೊಡದೆ ದುಡಿಸಿಕೊಳ್ಳುವುದಕ್ಕೆ ಕಾಯಕವೆಂಬ ಹೆಸರಿಡಲಾಗದು, ಅದು ಬಿಟ್ಟಿ. ಇಷ್ಟನ್ನು ಅಂದೇ ಅವರೆದುರು ಹೇಳಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ, ಆ ನಾಲ್ಕು ತಿಂಗಳು ನಾನು ಅಲ್ಲಿಯೇ ಉಳಿದದ್ದರಲ್ಲಿ ನನ್ನ ಲೋಭವೂ ಇತ್ತು. ತಂಡದ ಜೊತೆ ಒಂದೇ ಬಸ್ಸಿನಲ್ಲಿ ಕುಳಿತುಕೊಳ್ಳುವುದು, ಗೆದ್ದಾಗ ಅವರು ನನ್ನ ಮೇಲೆಯೂ ನೀರು ಎರಚುವುದು, ಇವನ್ನು ಬಿಡಲು ಮನಸ್ಸಿರಲಿಲ್ಲ. ಎರಡು ತಿಂಗಳ ಸಂಬಳ ಕಡೆಗೆ ಬಂದಿತು, ಎರಡು ಬರಲಿಲ್ಲ. 2018ರಲ್ಲಿ ತೋಟ ನೋಡಿಕೊಳ್ಳಲೆಂದು ಊರಿಗೆ ಬಂದೆ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968-69ರದು. ಆಗ ನಮ್ಮ ತಂಡದ ಹೆಸರು ಮೈಸೂರು. ಆ ಪಂದ್ಯವನ್ನು ಮನೆಯ ಜಗಲಿಯಲ್ಲಿ ಮೊಬೈಲಿನಲ್ಲಿ ನೋಡಿದೆ. ಎಲ್ಲರೂ ಬಟ್ಟಲನ್ನು ಎತ್ತಿ ಕುಣಿಯುವಾಗ ನನ್ನ ಕಣ್ಣು ಬೆಂಚಿನ ಕಡೆಗೇ ಹೋಗುತ್ತಿತ್ತು. ಆ ಇಪ್ಪತ್ತು ಬೆವರಿದ ಅಂಗಿಗಳನ್ನು ಯಾರು ಎಣಿಸಿಕೊಳ್ಳುತ್ತಾರೆ, ಹುಡುಗರು ಜನರತ್ತ ಎಸೆದುಬಿಟ್ಟರೆ ಲೆಕ್ಕ ಕೊಡುವವರಾರು ಎಂಬ ಯೋಚನೆ. ಮಗಳು ನಕ್ಕಳು.

2025ರ ಆಗಸ್ಟಿನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನಿಶ್ಚಿತವಾದಾಗ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಬಹಿರಂಗವಾಗಿಯೇ ತಿಳಿಸಿತು. ಪತ್ರಿಕೆಗಳು ಆಟಗಾರರ ಹೆಸರು ಹೇಳಿ ಬರೆದವು. ‘ಸಿಬ್ಬಂದಿ’ ಎಂಬ ಒಂದೇ ಪದದೊಳಗೆ ಎಷ್ಟು ಮನೆಗಳಿವೆಯೆಂದು ನಾನು ಎಣಿಸುತ್ತ ಕುಳಿತೆ: ಅಂಗಿ ಒಗೆಯುವವರು, ಮೈ ನೀವುವವರು, ಸಾಮಾನು ಹೊರುವವರು.

ಅದೇ ವಾರ ನನ್ನ ಕೈಕೆಳಗೆ ಕೆಲಸ ಕಲಿತ ತಮ್ಮನೊಬ್ಬ ಫೋನು ಮಾಡಿದ. ಅವನಿದ್ದದ್ದು ಬೇರೆಯ ಕ್ಲಬ್ಬು. ಅಲ್ಲಿಯೂ ಎಲ್ಲರಿಗೂ ಅದೇ ಭಯ.

“ಅಣ್ಣ, ಬಿಟ್ಟು ಊರಿಗೆ ಹೋಗಲಾ?”

“ನಿನಗೆ ನೇಮಕದ ಪತ್ರ ಕೊಟ್ಟಿದ್ದಾರೇನೋ?”

“ಕೊಟ್ಟಿದ್ದಾರೆ. ಪಿಎಫ್ ನಂಬರೂ ಇದೆ.”

ಹಾಗಿದ್ದರೆ ಪ್ರತಿ ತಿಂಗಳ ಚೀಟಿಯನ್ನು ತೆಗೆದಿಡು, ಕೇಳುವುದಿದ್ದರೆ ಬರೆದು ಕೇಳು, ನನ್ನ ಹಾಗೆ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ ಕೇಳಬೇಡ ಎಂದೆ. ಕಾಯಕದ ಮಾತು ತೆಗೆದರೆ ಲಕ್ಕಮ್ಮನ ಕಥೆಯನ್ನು ಹೇಳು ಎಂದೂ ಸೇರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ. “ಅಣ್ಣ, ಮೋಡವಾಗಿದೆ, ಅಂಗಿಗಳೆಲ್ಲ ಹೊರಗಿವೆ, ಆಮೇಲೆ ಮಾಡುತ್ತೇನೆ” ಎಂದು ಫೋನು ಇಟ್ಟ. ಶೆಟ್ಟಿಕೊಪ್ಪದಲ್ಲಿ ಬೆಳಗಿನಿಂದಲೇ ಮಳೆ ಹಿಡಿದಿತ್ತು.